ಉಗುರಿಗೆ ಬಣ್ಣ ಹಚ್ಚಿಸಿಕೊಂಡ ದಿನ

ಮೊಮ್ಮಕ್ಕಳಾದ ಶರಣು, ಭಾಗ್ಯಶ್ರೀ, ನೀವು ಮರೆತು ಹೋದ ಬುತ್ತಿ ಕೊಡಲು ಹುಮನಾಬಾದಿನ ನಿಮ್ಮ ಶಾಲೆಗೆ ಬಂದಿದ್ದೆ. ವರಾಂಡದಲ್ಲಿ ಒಬ್ಬ ಹುಡುಗಿ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

"ಆಯಿ, ನನ್ನ ಪರೀಕ್ಷಾಕ್ಕ ಕುಂದರ್ರಿ. ನಮ್ಮವ್ವಗ ತೊಗರಿ ರಾಶಿ ಬಿಟ್ಟು ಬರ್ಲಿಕ್ಕಾಗ್ಲಿಲ್ಲ. ಯಾರೂ ಕುಂದರಲಿಲ್ಲಂದ್ರ ನಾ ಫೇಲ್ ಆಗ್ತೀನ್ರಿ."

ಅವಳು ಹತ್ತನೆಯ ತರಗತಿಯ ಸವಿತಾ. ಹಿಂದಿಯ ಬದಲು ಬ್ಯೂಟಿ ಪಾರ್ಲರ್ ಕೆಲಸವನ್ನೇ ಒಂದು ವಿಷಯವಾಗಿ ಓದುತ್ತಿದ್ದಾಳಂತೆ. ಬಸವಕಲ್ಯಾಣದಿಂದ ಬಂದ ಪರೀಕ್ಷಕಿ ಮೇಡಂ ಎದುರು ಯಾರದಾದರೂ ಕೈಗೆ ಆರೈಕೆ ಮಾಡಿ ತೋರಿಸಬೇಕಿತ್ತು. ನಾನು ನಾಚುತ್ತಲೇ ಕುಳಿತೆ. ಅವಳು ಬಿಸಿನೀರಿನಲ್ಲಿ ನನ್ನ ಕೈ ತೊಳೆದಳು, ಎಣ್ಣೆ ತಿಕ್ಕಿದಳು, ಉಗುರು ತಿದ್ದಿದಳು. ಕೊನೆಗೆ ಗುಲಾಬಿ ಬಣ್ಣದ ಶೀಶೆ ತೆರೆದಾಗ ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಬಣ್ಣ ಬ್ಯಾಡವ್ವ. ನಾ ಗಂಡ ಸತ್ತಾಕಿ."

ಹುಡುಗಿಯ ಮುಖ ಬಾಡಿತು. ಮೇಡಂ ಅಂಕ ಹಾಕಲು ಕಾಯುತ್ತಿದ್ದರು. ಆದರೂ ಸವಿತಾ ಮೆಲ್ಲಗೆ, "ಆಯಿ, ಪುಸ್ತಕದಾಗ ಉಗುರು ಚೊಕ್ಕ ಇರಬೇಕಂತ ಬರದದ, ಗಂಡ ಇರಬೇಕಂತ ಬರದಿಲ್ರಿ" ಅಂದಳು.

ಮೇಡಂ ನಕ್ಕುಬಿಟ್ಟರು. ನನಗೂ ನಗು ತಡೆಯಲಾಗಲಿಲ್ಲ. ಕೈ ಚಾಚಿದೆ. ಎಲ್ಲ ಬೆರಳಿಗೂ ಬಣ್ಣ ಹಚ್ಚಿ ಮುಗಿಸಿದ ಮೇಲೆ ಮೇಡಂ ಅವಳ ಬೆನ್ನು ತಟ್ಟಿ "ಪಾಸಾದಿ ಹೋಗವ್ವ" ಎಂದರು.

ಊರಿಗೆ ಮರಳುವಾಗ ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಯಾರೂ ಕೇಳಲಿಲ್ಲ. ಸಂಜೆ ನಾನೇ ಪಕ್ಕದ ಮನೆಗೆ ಹೋಗಿ ತೋರಿಸಿ ಬಂದೆ. ರೊಟ್ಟಿ ಬಡಿದು ಬಡಿದು ಆ ಬಣ್ಣ ಈಗ ಹೋಗಿದೆ. ಇದನ್ನೆಲ್ಲ ಬರೆದಿಟ್ಟ ಈ ಹಾಳೆಯನ್ನಾದರೂ ಜೋಪಾನವಾಗಿಡಿ, ಮಕ್ಕಳೇ.