ಲೆಕ್ಕಕ್ಕೆ ಬಾರದ ಡಾಲ್ಫಿನ್‌ಗಳು

ಮನೆ ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಬೆಳಗ್ಗೆ ಕಿಟಕಿ ತೆಗೆದಾಗ ಆ ಕಾದ ವಾಸನೆ ಒಳಗೆ ನುಗ್ಗಿತು. ಚಿಕ್ಕಬಳ್ಳಾಪುರದ ಈ ಮನೆಯಲ್ಲಿ ನಿಂತಿದ್ದವಳಿಗೆ ಇದ್ದಕ್ಕಿದ್ದಂತೆ ಕಾರವಾರದ ಮರಳು ಕಣ್ಣಿಗೆ ಕಟ್ಟಿತು. ಅಲ್ಲಿ ಮಗುಚಿ ಹಾಕಿದ ದೋಣಿಗಳ ತಳಕ್ಕೆ ಟಾರು ಬಳಿಯುತ್ತಿದ್ದರು. ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನೀರಿನ ಮೇಲಿಂದ ಕಣ್ಣು ಕೀಳದೆ ನಿಂತಿದ್ದ ನಮ್ಮ ಸೈನ್ಸ್ ಟೀಚರ್...

ಅವರು ನನಗೆ ಪಾಠ ಹೇಳಿದವರಲ್ಲ, ಜೊತೆಯಲ್ಲಿ ಕೆಲಸ ಮಾಡಿದವರು. ಅರವತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದ ಹೈಸ್ಕೂಲಿಗೆ ನಾನು ಆಗಷ್ಟೇ ಸೇರಿದ್ದೆ. ಅವರಿಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮಂಚೇನಹಳ್ಳಿಯ ನಮ್ಮ ಮನೆಯಿಂದ ನನ್ನ ಜಾತಕ ಊರೂರು ಸುತ್ತುತ್ತಿತ್ತು. ನನಗೋ ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಅದನ್ನು ನೋಡಿಯೇ ಇರಬೇಕು, ಬೇಸಿಗೆ ರಜಕ್ಕೆ ತಮ್ಮ ಜೊತೆ ಕಾರವಾರಕ್ಕೆ ಬರುತ್ತೀಯಾ ಎಂದು ಕೇಳಿದರು.

ಅಲ್ಲೊಬ್ಬ ಪ್ರೊಫೆಸರು ಡಾಲ್ಫಿನ್‌ಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದರಂತೆ. ದಡದಲ್ಲಿ ಕೂತು, ಎಷ್ಟು ಹೊತ್ತಿಗೆ ಎಷ್ಟು ಕಂಡವು ಎಂದು ಬರೆದುಕೊಡುವವರು ಬೇಕಿತ್ತು. ಸಂಬಳವಿಲ್ಲ, ಊಟ ವಸತಿ ಮಾತ್ರ. ಟೀಚರು ಅದಕ್ಕೂ ಹಿಂದಿನ ಎರಡು ಬೇಸಿಗೆ ಹೋಗಿಬಂದಿದ್ದರು. ಹೊಳೆಯಲ್ಲಿ ವರ್ಷಕ್ಕೊಮ್ಮೆ ನೀರು ಹರಿದರೆ ಹೆಚ್ಚು ಎನ್ನುವ ನಮ್ಮ ಸೀಮೆಯ ಹೆಂಗಸಿಗೆ ಆ ಕಡಲಿನ ಪ್ರಾಣಿಯ ಮೇಲೆ ಅದೆಲ್ಲಿಯ ಮೋಹವೋ... ವರ್ಷದ ಹನ್ನೊಂದು ತಿಂಗಳು ಅವರು ಆ ಒಂದು ತಿಂಗಳಿಗೆ ಕಾಯುತ್ತಿದ್ದರು.

ನದಿ ಸಮುದ್ರ ಸೇರುವ ಕಡೆ ಒಂದು ಬಂಡೆ. ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಅದರ ಮೇಲೆ ಕೂರಬೇಕು. ಎಷ್ಟೋ ದಿನ ಬರೀ ನೀರು. ನಾನು ಕಾಲು ಮಡಚುತ್ತಿದ್ದೆ, ಚಾಚುತ್ತಿದ್ದೆ, ಎದ್ದು ಓಡಾಡುತ್ತಿದ್ದೆ. ಅವರು ಅಲುಗುತ್ತಿರಲಿಲ್ಲ. ಏನೂ ಕಾಣದ ದಿನ ಪುಸ್ತಕದಲ್ಲಿ ಸೊನ್ನೆ ಬರೆಯುವಾಗಲೂ ಅಷ್ಟೇ ಶ್ರದ್ಧೆ. ಒಮ್ಮೊಮ್ಮೆ ಅವರು ನೀರಿನಿಂದ ಕಣ್ಣು ತೆಗೆಯದೆ ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿದ್ದೆ.

ಮೂರು ವಾರ ಕಳೆದಿತ್ತು. ಒಂದು ದಿನ ಅವರಿಗೆ ಜ್ವರ ಬಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಗಂಡಿನ ಕಡೆಯವರು ಬರುತ್ತಾರೆ, ಕೂಡಲೇ ಹೊರಟು ಬಾ ಎಂದು ಅಪ್ಪ ಬರೆದ ಕಾಗದ ಹಿಂದಿನ ಸಂಜೆಯಷ್ಟೇ ಬಂದಿತ್ತು. ನನಗೆ ತಲೆ ಕೆಟ್ಟುಹೋಗಿತ್ತು. ಬಂಡೆಯ ಮೇಲೆ ಅರ್ಧ ಗಂಟೆಯೂ ಕೂರದೆ ಪೋಸ್ಟಾಫೀಸಿಗೆ ಹೋದೆ. ಬರುವುದಿಲ್ಲವೆಂದು ಬರೆದೆ, ಹರಿದೆ, ಮತ್ತೆ ಬರೆದೆ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೊನೆಗೆ ಅದೇ ಮೇಜಿನ ಮೇಲೆ ಪುಸ್ತಕ ತೆರೆದು ತುಂಬಿಸಿಬಿಟ್ಟೆ: ಎಂಟೂಕಾಲಿಗೆ ಮೂರು, ಒಂಬತ್ತೂವರೆಗೆ ಐದು.

ಆ ಬೆಳಗ್ಗೆ ಪ್ರೊಫೆಸರು ದೋಣಿ ಮಾಡಿಕೊಂಡು ಅದೇ ನೀರಿನಲ್ಲಿ ಸುತ್ತಾಡಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಅವರಿಗೆ ಒಂದೂ ಕಂಡಿರಲಿಲ್ಲ. ಸಂಜೆ ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. ಟೀಚರು ನನ್ನ ಕಡೆ ತಿರುಗಿದರು.

"ನೀನು ನೋಡಿದ್ಯೇನಮ್ಮ?"

"ಹೂಂ, ನೋಡ್ದೆ" ಎಂದೆ.

ಅವರು ಬಗ್ಗಿ ನಾನು ಬರೆದ ಸಾಲುಗಳ ಮೇಲೆ ಕಣ್ಣಾಡಿಸಿದರು. ಆಮೇಲೆ ಪ್ರೊಫೆಸರಿಗೆ, ಅನುಭವವಿಲ್ಲದವಳ ಕೈಗೆ ಪುಸ್ತಕ ಕೊಟ್ಟಿದ್ದು ತಮ್ಮದೇ ತಪ್ಪು, ಹಿಂದಿನ ದಿನಗಳಲ್ಲೂ ಕೆಲವು ಸಲ ಇವಳೇ ಬರೆದಿದ್ದಾಳೆ, ಅನುಮಾನ ಬಂದ ಮೇಲೆ ಇದರಲ್ಲಿ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ ಎಂದರು. ಪ್ರೊಫೆಸರು ಪುಸ್ತಕ ಮುಚ್ಚಿ ಎತ್ತಿಕೊಂಡು ಹೋದರು. ಮೂರು ವಾರದ ಕೆಲಸ ಹೋಯಿತು.

ಮಾರನೆಯ ಬೆಳಗ್ಗೆಯೂ ಅವರು ಬಂಡೆಗೆ ಹೋದರು. ಹಿಂದೆ ನಾನೂ ಹೋದೆ. ಏಳು ಗಂಟೆಯ ಹೊತ್ತಿಗೆ ಬಂದವು. ಅಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ. ಬೂದು ಬಣ್ಣದ ಬೆನ್ನುಗಳು ಒಂದರ ಹಿಂದೆ ಒಂದು ಏಳುತ್ತಾ ಮುಳುಗುತ್ತಾ, ತಾಯಿಯ ಮಗ್ಗುಲಿಗೆ ಅಂಟಿಕೊಂಡಂತೆ ಒಂದು ಮರಿ. ಉಸಿರು ಬಿಡುವ ಸದ್ದೂ ಕೇಳಿಸಿತು. ಟೀಚರ ಕೈ ಅಭ್ಯಾಸಬಲದಿಂದ ಪಕ್ಕದಲ್ಲಿ ಪುಸ್ತಕ ತಡಕಿ, ಬರೀ ಕಲ್ಲು ಮುಟ್ಟಿ, ಮಡಿಲಿಗೆ ಮರಳಿತು. ನಾನು ಆ ಕೈಯನ್ನು ನೋಡುತ್ತಿದ್ದೆ. ಡಾಲ್ಫಿನ್‌ಗಳು ಯಾವಾಗ ಹೋದವೋ ತಿಳಿಯಲಿಲ್ಲ.

ರಜ ಮುಗಿಸಿ ವಾಪಸು ಬರುವಾಗ, ಬೆಂಗಳೂರಿನಿಂದ ನಮ್ಮೂರ ಪುಟ್ಟ ರೈಲು ಹತ್ತಿದ ಮೇಲೆ ನನಗೆ ತಡೆಯಲಾಗಲಿಲ್ಲ. "ನಾನು ಅವತ್ತು ನೋಡ್ಲಿಲ್ಲ, ಟೀಚರ್" ಎಂದೆ.

"ಗೊತ್ತು ಕಣಮ್ಮ. ಆ ಗಾಳೀಲಿ ಬಂಡೆ ಮೇಲೆ ಕೂತು ಅಷ್ಟು ನೆಟ್ಟಗೆ ಬರೆಯೋಕಾಗಲ್ಲ."

ಮತ್ತೆ ಕಿಟಕಿಯ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ, ಬೇಸಿಗೆಗೆ ಬನ್ನಿ ಎಂದು ಪ್ರೊಫೆಸರು ಬರೆಯುತ್ತಿದ್ದ ಕಾಗದ ಕಾರವಾರದಿಂದ ಬರಲಿಲ್ಲ. ಮಾರ್ಚ್ ತಿಂಗಳಿಡೀ, ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅವರು ಸ್ಟಾಫ್ ರೂಮಿನ ಬಾಗಿಲ ಹತ್ತಿರದ ಕುರ್ಚಿಗೆ ಬಂದು ಕೂರುತ್ತಿದ್ದುದನ್ನು ನಾನು ನೋಡಿದ್ದೇನೆ. ಅದರ ಮುಂದಿನ ವರ್ಷವೂ... ಆಮೇಲೆ ಚಿಂತಾಮಣಿಗೆ ವರ್ಗವಾಗಿ ಹೋದರು. ಎಷ್ಟೋ ವರ್ಷಗಳ ನಂತರ, ತೀರಿಕೊಂಡ ಸುದ್ದಿ ತಿಂಗಳು ತಡವಾಗಿ ನನ್ನ ಕಿವಿಗೆ ಬಿತ್ತು. ಅವರು ಮತ್ತೆ ಸಮುದ್ರ ನೋಡಲಿಲ್ಲವೆಂದು ಅವರ ತಂಗಿ ಹೇಳಿದರು.

ರೈಲಿನಲ್ಲಿ ಒಪ್ಪಿಕೊಂಡೆನಲ್ಲ, ಅಲ್ಲಿಗೆ ಮುಗಿಯಿತು ಎಂದು ಆಗ ಅಂದುಕೊಂಡಿದ್ದೆ. ಸುಳ್ಳು ನನ್ನದು, ಉಳಿದ ದಿನಗಳದ್ದೆಲ್ಲ ಅವರು ಕಣ್ಣಾರೆ ಕಂಡದ್ದು ಎಂದು ಪ್ರೊಫೆಸರಿಗೆ ಒಂದು ಕಾರ್ಡು ಗೀಚಿದ್ದರೆ ಸಾಕಿತ್ತು. ವಿಳಾಸ ಗೊತ್ತಿತ್ತು. ನಾಳೆ, ನಾಡಿದ್ದು ಎಂದುಕೊಂಡೆ. ಕೆಲಸಕ್ಕೆ ಹೊಸಬಳು, ಹೆಸರು ಕೆಡುತ್ತದೆಂಬ ಭಯ. ಈಗ ಬರೆಯೋಣವೆಂದರೆ, ಓದಬೇಕಾದ ಪ್ರೊಫೆಸರೂ ಇಲ್ಲ, ಟೀಚರೂ ಇಲ್ಲ.