ಕೂದಲೆಳೆಯಷ್ಟು ಬಲಕ್ಕೆ

ಅವುಗಳ ಸುದ್ದಿ ಮೊದಲ ಸಲ ಕಿವಿಗೆ ಬಿದ್ದ ದಿನ ಅವಳು ಅಂಗಡಿಯ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಕತ್ತಲೆ ಕೋಣೆ. ಅವಳ ಗಂಡ ನಲವತ್ತು ವರ್ಷದಿಂದ ಅಲ್ಲಿ ತಕ್ಕಡಿ ರಿಪೇರಿ ಮಾಡುತ್ತಿದ್ದ. ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳದ ಅವನನ್ನು ಬೀದಿಯವರೆಲ್ಲ ಮುಳ್ಳಪ್ಪ ಎಂದೇ ಕರೆಯುತ್ತಿದ್ದರು.

ಕಾಲೇಜಿನ ಮೇಡಂ ಗಾಜಿನ ಪೆಟ್ಟಿಗೆಯೊಳಗಿನ ನಾಜೂಕು ತಕ್ಕಡಿಯೊಂದನ್ನು ತಂದಿದ್ದರು. ಮುದುಕ ಎಂದಿನಂತೆ ಜಂಬ ಕೊಚ್ಚಿಕೊಂಡ: "ತೂಕ ಅಂತ ಒಂದಿದ್ರೆ ನನ್ನ ಕೈಯಿಂದ ತಪ್ಪಿಸ್ಕೊಳಲ್ಲ ಅಮ್ಮಾ."

"ತಪ್ಪಿಸ್ಕೊಳ್ಳೋವು ಇವೆ ಯಜಮಾನ್ರೇ," ಮೇಡಂ ನಕ್ಕರು. "ನ್ಯೂಟ್ರಿನೋ ಅಂತ. ಜಗತ್ತು ಹುಟ್ಟಿ ಒಂದು ಸೆಕೆಂಡಿಗೇ ಹೊರಟ ಕಣಗಳು, ಇನ್ನೂ ಓಡ್ತಾನೇ ಇವೆ. ನಿಮ್ಮ ಮನೆಯವರ ಕೈಲಿರೋ ಒಂದು ಬಟಾಣಿಯಷ್ಟು ಜಾಗದಲ್ಲೇ ಹತ್ತಿರ ಹತ್ತಿರ ನೂರು ಇರ್ತವೆ."

ಬಟಾಣಿ ಅವಳ ಕೈಯಿಂದ ಜಾರಿತು. "ನನ್ನ ಮೈಯೊಳಗೂ?"

"ಎಲ್ಲರ ಮೈಯೊಳಗೂ. ಈ ಕಡೆ ಹೊಕ್ಕು ಆ ಕಡೆ ಹೋಗ್ತವೆ."

"ಹೇಳದೆ ಕೇಳದೆ!" ಅವಳು ಶಾಲನ್ನು ಬಿಗಿಯಾಗಿ ಎಳೆದುಕೊಂಡಳು.

"ಶಾಲು ಹೊದ್ರೆ ಬಿಡ್ತಾವೇನೇ?" ಎಂದು ಗಂಡ ಹಂಗಿಸಿದ. ಆದರೆ ಅವನ ಮುಖವೂ ಬಿಳಿಚಿಕೊಂಡಿತ್ತು. "ಅವಕ್ಕೆ ತೂಕ ಇದೆಯಾ ಅಮ್ಮಾ?"

"ಇಲ್ಲ ಅನ್ನೋವಷ್ಟು ಕಮ್ಮಿ, ಆದ್ರೆ ಇದೆ. ಅದಕ್ಕೇ ಭಾರವಾದದ್ದು ಅವನ್ನ ಎಳೀತದೆ. ಸೂರ್ಯನ ಪಕ್ಕ ಹಾಯುವಾಗ ದಾರಿ ಒಂಚೂರು ಬಾಗ್ತದೆ. ನಕ್ಷತ್ರಗಳ ದೊಡ್ಡ ಗುಂಪಿದ್ದಲ್ಲಿ ಸ್ವಲ್ಪ ಜಾಸ್ತಿ ಸೇರ್ತವೆ. ನೇರವಾಗಿ ಇನ್ನೂ ಯಾರ ಕೈಗೂ ಸಿಕ್ಕಿಲ್ಲ."

ತೂಕವಿದ್ದೂ ತಕ್ಕಡಿಗೆ ಸಿಗದ ವಸ್ತು! ಅವನು ಆ ಮಧ್ಯಾಹ್ನ ಊಟದ ತಟ್ಟೆ ಮುಟ್ಟಲಿಲ್ಲ.

ಎದೆ ಸರಿಯಿಲ್ಲ, ಕೆಲಸ ಬಿಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಈ ತಕ್ಕಡಿಗೆ, ತೂಕ ಸರಿಯಿದೆ ಎನ್ನುವ ತನ್ನ ಸೀಸದ ಮುದ್ರೆ ಒತ್ತಿ ಅಂಗಡಿ ಮುಚ್ಚುವುದೆಂದು ಅವನು ನಿಶ್ಚಯಿಸಿದ್ದ. ಸೋತು ವಾಪಸು ಕೊಟ್ಟ ತಕ್ಕಡಿ ಒಂದೂ ಇರಲಿಲ್ಲ. ಇದು ಮಾತ್ರ ಹಟ ಹಿಡಿಯಿತು. ಒಂಬತ್ತು ದಿನ ಉಜ್ಜಿದ, ಒರೆಸಿದ, ಬಿಚ್ಚಿ ಕೂಡಿಸಿದ. ಮುಳ್ಳು ಕೂದಲೆಳೆಯಷ್ಟು ಬಲಕ್ಕೇ ವಾಲುತ್ತಿತ್ತು.

ಹತ್ತನೆಯ ಬೆಳಿಗ್ಗೆ ಕೂಗಿಕೊಂಡ: "ಸಿಕ್ತು ಕಣೇ! ಇದು ಅವುಗಳದ್ದೇ ಕೆಲಸ. ಭಾರ ಇದ್ದ ಕಡೆ ಸೇರ್ತವೆ ಅಂದ್ರಲ್ಲ? ಬಲಗಡೆ ನೋಡು, ಅಡಿಗಲ್ಲು! ಅದನ್ನ ಆಚೆ ಹಾಕ್ಬೇಕು."

ಕಬ್ಬಿಣ ಬಡಿಯುವ ಆ ಅಡಿಗಲ್ಲನ್ನು ಇಬ್ಬರು ಗಟ್ಟಿ ಆಳು ಹಿಡಿದರೂ ಸೊಂಟ ಹಿಡಿಯುತ್ತಿತ್ತು.

"ರೀ, ಮುಟ್ಟಬೇಡಿ. ನಿಮ್ಮ ದಮ್ಮಯ್ಯ. ಪಕ್ಕದ ಚಪ್ಪಲಿ ಅಂಗಡಿಯವರನ್ನ ಕರೀತೀನಿ."

ಕರೆದುಕೊಂಡು ಬರುವಷ್ಟರಲ್ಲಿ ಅಡಿಗಲ್ಲು ಹೊಸಿಲಿನವರೆಗೆ ಬಂದಿತ್ತು. ಅದನ್ನು ತಬ್ಬಿಕೊಂಡಂತೆ ಅವನು ಬಿದ್ದಿದ್ದ.

ಮರುದಿನ ಆಸ್ಪತ್ರೆಯಿಂದ ಅವನ ಕನ್ನಡಕಕ್ಕೆಂದು ಅವಳು ಅಂಗಡಿಗೆ ಬಂದಳು. ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ನಿಂತಿತ್ತು! ಹಾಗಾದರೆ ಅವನು ಹೇಳಿದ್ದೇ ನಿಜ! ದೀಪ ಹಾಕಿ ಮೇಜಿನ ಮೇಲೆಲ್ಲ ತಡಕಾಡಿದಳು. ಕನ್ನಡಕ ಸಿಕ್ಕುವ ಹೊತ್ತಿಗೆ ಮುಳ್ಳು ಮತ್ತೆ ಬಲಕ್ಕೆ ಸರಿದಿತ್ತು.

ಅಡಿಗಲ್ಲು ಹೊಸಿಲಲ್ಲೇ ಇತ್ತು. ಪೆಟ್ಟಿಗೆಯ ಬಲಗಡೆ ಇದ್ದದ್ದು ದೀಪ ಒಂದೇ.

ಕಣ್ಣು ಮಂಜಾಗಿದೆ ಎಂದು ಅವನು ಗೊಣಗಿದಾಗ ಹೋದ ಚಳಿಗಾಲದಲ್ಲಿ ಆ ದೀಪವನ್ನು ಅಲ್ಲಿ ತಂದಿಟ್ಟವಳು ಅವಳೇ. ಬಿಸಿ ತಾಗಿದ ಕಡೆ ತಕ್ಕಡಿಯ ದಂಡ ಹಿಗ್ಗುತ್ತದೆ, ಆ ಕಡೆ ವಾಲುತ್ತದೆ. ಕೆಲಸ ಕಲಿಯಲು ಬಂದವರಿಗೆಲ್ಲ ಅವನು ಮೊದಲು ಹೇಳುತ್ತಿದ್ದ ಪಾಠವದು. ಕೇಳಿ ಕೇಳಿ ಅವಳಿಗೂ ಬಾಯಿಪಾಠ.

ಆಸ್ಪತ್ರೆಯ ಮಂಚದ ಪಕ್ಕ ಕೂತು ಎಲ್ಲ ಹೇಳಿದಳು. "ದೀಪ ಇಟ್ಟವಳು ನಾನೇ ರೀ. ನನ್ನಿಂದ ನೀವು ಆ ಕಲ್ಲು..."

ಅವನು ತಲೆಯನ್ನು ಅವಳತ್ತ ಹೊರಳಿಸಿದ. "ದೀಪಾನಾ? ಥೂ! ಜಗತ್ತು ಹುಟ್ಟಿದ ದಿನಕ್ಕೆ ಹೋಗಿ ಹುಡುಕಿದೆನಲ್ಲೇ." ನಗಲು ಹೋಗಿ ಕೆಮ್ಮಿದ. "ಹಾಗಾದ್ರೆ ತಕ್ಕಡಿ ಸರಿಯಾಗಿದೆ."

"ಸರಿಯಾಗಿದೆ ರೀ."

"ಮುದ್ರೆ ನೀನೇ ಒತ್ತಿಬಿಡು. ಕೈ ನಡುಗಿಸಬೇಡ." ಕಣ್ಣು ಮುಚ್ಚಿದ. ನಿದ್ದೆ ಹತ್ತಿತೆಂದು ಅವಳು ಎದ್ದಾಗ ಶಾಲಿನ ತುದಿ ಹಿಡಿದೆಳೆದ.

"ಮೇಡಂ ಕೇಳಿದ್ರೆ, ದೀಪ ನಾನೇ ಇಟ್ಕೊಂಡಿದ್ದೆ ಅನ್ನು. ಅಂತೀಯಲ್ಲಾ?"