ಬರೀ ನೀರಿಗೆ ಊಟ

ನನ್ನದು ಅಕ್ಕಿಆಲೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಹೊಲದ ಪಂಪ್‌ಸೆಟ್ಟುಗಳು ಸುಟ್ಟು ಬರುತ್ತವೆ, ಹಳೆಯ ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತೇನೆ. ಸುತ್ತಿದ ಮೇಲೆ ವಾರ್ನಿಶ್ ಹಾಕಿ ಒಣಗಿಸಬೇಕು. ರೈತರು ತಲೆಯ ಮೇಲೆ ಕೂತು ಅವಸರ ಮಾಡಿದರೂ ವಾರ್ನಿಶ್ ಒಣಗದ ಮೋಟರನ್ನು ನಾನು ಕೊಟ್ಟವನಲ್ಲ. ಅಂಗಡಿಯಲ್ಲಿ ಇಷ್ಟು ತಾಳ್ಮೆ ಇರುವವನಿಗೆ ಮನೆಗೆ ಬಂದರೆ ಮಾತ್ರ ಮೂಗಿನ ತುದಿಯಲ್ಲಿ ಸಿಟ್ಟು. ಇದು ನನ್ನ ಮಾತಲ್ಲ, ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿರುವ ಮಾತು.

ಬೇಸಿಗೆಯ ರಜೆಯಲ್ಲಿ ಮಗಳು ಮೀನು ಬೇಕೆಂದು ಹಟ ಹಿಡಿದಳು. ಅವಳಿಗೆ ಹತ್ತು ವರ್ಷ. ಹಾವೇರಿಗೆ ಹೋದವನು ಗಾಜಿನ ತೊಟ್ಟಿ, ತಳಕ್ಕೆ ಹಾಸುವ ಹರಳು, ಸ್ಪಂಜಿನ ಫಿಲ್ಟರು, ಐದು ಗೋಲ್ಡ್‌ಫಿಶ್ ಎಲ್ಲವನ್ನೂ ಒಂದೇ ಸಲಕ್ಕೆ ತಂದೆ. ಅವತ್ತು ಸಂಜೆಯೇ ನೀರು ತುಂಬಿ ಮೀನು ಬಿಟ್ಟೆ. 'ಲಿಂಗಪೂಜಿ ಮಾಡೋ ಮನ್ಯಾಗ ಮೀನ ತಂದಿಟ್ಟಾನ, ಶಿವನ ಬಲ್ಲ' ಎಂದು ಅವ್ವ ಗೊಣಗಿದಳು. ದಿನಕ್ಕೊಂದು, ಎರಡು ದಿನಕ್ಕೊಂದರಂತೆ ಮೀನು ತೇಲತೊಡಗಿದವು. ಒಂಬತ್ತನೆಯ ದಿನ ಕೊನೆಯದೂ ಸತ್ತಿತು. ಹಿಂದಿನ ಸಂಜೆ ಮಗಳು, ಪಾಪ ಒಂದೇ ಉಳಿದಿದೆ, ಹಸಿದಿರಬೇಕು ಎಂದು ಡಬ್ಬಿಯಿಂದ ಒಂದು ಹಿಡಿ ಊಟ ಜಾಸ್ತಿ ಸುರಿದಿದ್ದಳು. ತಳದಲ್ಲಿ ಬಿದ್ದಿದ್ದ ಆ ಕಾಳು ನೋಡಿದ್ದೇ ನನಗೆ ಎಲ್ಲಿತ್ತೋ ಸಿಟ್ಟು ಬಂತು.

'ನೋಡು, ನೀನ ಕೊಂದಿ ಅವನ್ನ' ಎಂದೆ. ಓಣಿಯ ತುದಿಗೆ ಕೇಳುವಂತೆ ಎಂದೆ. ಅವಳು ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದಳು.

ನಾಗರ ಪಂಚಮಿಗೆ ಹಿರೇಕೆರೂರಿಗೆ, ಹೆಂಡತಿಯ ತವರಿಗೆ ಹೋಗಿದ್ದೆವು. ಅವರ ಹಿತ್ತಲಲ್ಲಿ ಆಗಷ್ಟೇ ಹುಟ್ಟಿದ ಎರಡು ಆಡಿನ ಮರಿಗಳಿದ್ದವು. ಮಕ್ಕಳೆಲ್ಲ ತಾಯಿ ಆಡಿಗೆ ಸೊಪ್ಪು ತಿನ್ನಿಸಲು ಮುಗಿಬಿದ್ದಿದ್ದರೆ ಇವಳು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಆತು ನಿಂತಿದ್ದಳು. 'ತಗೋವಾ, ನೀನೂ ತಿನ್ನಸು' ಎಂದು ಅವಳ ಮಾಮ ಒಂದು ಕೊಂಬೆ ಕೊಡಲು ಬಂದ.

'ಬ್ಯಾಡ ಮಾಮಾ, ನಾ ಹಾಕಿದ್ರ ಸಾಯ್ತಾವ' ಎಂದಳು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬೇಸಿಗೆಯಿಂದ ಅವಳು ಬೆಕ್ಕಿಗೆ ಹಾಲು ಹಾಕಿಲ್ಲ, ಬೀದಿ ನಾಯಿಗೆ ಒಂದು ಚೂರು ರೊಟ್ಟಿ ಎಸೆದಿಲ್ಲ ಎಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಹೇಳಿದಳು. ಏನಾದರೂ ಮಾಡಿ ಆ ಹುಡುಗಿಯ ಕೈಯಿಂದ ಮತ್ತೆ ಮೀನಿಗೆ ಊಟ ಹಾಕಿಸಬೇಕು, ಅವು ಬದುಕಬೇಕು ಎಂದು ಅವತ್ತೇ ಮನಸ್ಸಿಗೆ ಬಂತು.

ಮುಂದಿನ ವಾರ ಒಂದು ಮೋಟರ್ ಮುಟ್ಟಿಸಲು ಸವಣೂರಿಗೆ ಹೋದೆ. ಗಿರಾಕಿ ಒಬ್ಬ ಹಿರಿಯ ಸಾಹೇಬರು, ವೀಳ್ಯದೆಲೆ ವ್ಯಾಪಾರದವರು. ಅವರ ಪಡಸಾಲೆಯಲ್ಲಿ ನಾಲ್ಕು ತೊಟ್ಟಿ, ಅವುಗಳ ತುಂಬ ಮೀನು. ಚಹಾ ಕುಡಿಯುತ್ತ ನನ್ನ ಕತೆ ಹೇಳಿದೆ.

'ನೀರ ತುಂಬಿ ಎಷ್ಟ ದಿನಕ್ಕ ಮೀನ ಬಿಟ್ರಿ?' ಎಂದರು.

'ಅವತ್ತ ಬಿಟ್ಟೆ ರೀ.'

'ಅವತ್ತ!' ಎಂದು ಹಣೆ ಹಣೆ ಬಡಿದುಕೊಂಡರು. 'ಅರೇ, ಹಾಲಿಗೆ ಹೆಪ್ಪ ಹಾಕಿದ ಕೂಡ್ಲೆ ಮೊಸರ ಆಕ್ಕೇತೇನ್ರಿ? ಮೀನಿನ ಹೊಲಸೆಲ್ಲ ಅದ ನೀರಾಗ ಇರ್ತೈತಿ, ಅದು ವಿಷ. ಆ ವಿಷಾ ತಿನ್ನೂ ಕ್ರಿಮಿ ಅದಾವು, ಕಣ್ಣಿಗೆ ಕಾಣಂಗಿಲ್ಲ. ಅವು ಆ ಸ್ಪಂಜಿನ್ಯಾಗ, ಹರಳಿನ್ಯಾಗ ಮನಿ ಮಾಡಬೇಕು. ತಿಂಗಳು, ಒಂದೂವರಿ ತಿಂಗಳು ಬೇಕ್ರಿ. ಅಲ್ಲೀಮಟ ಸಬರ್ ಮಾಡಬೇಕು, ತಡೀಬೇಕು.'

'ಮಗಳು ಊಟ ಜಾಸ್ತಿ ಹಾಕಿದ್ಳರಿ, ಅದಕ್ಕ ಸತ್ತಾವ ಅಂತ...'

'ಅಕಿ ಹಾಕೂಕಿಂತ ಮದಲ ನಾಕು ಸತ್ತಿದ್ವು ಅಂದ್ರಲ್ಲ? ಕೂಸಿಂದ ಏನ್ ತಪ್ಪೈತ್ರಿ ಇದರಾಗ? ನಿಮ್ಮ ಅವಸರಕ್ಕ ಸತ್ತಾವ.'

ಕ್ರಿಮಿ ಬೆಳೆಯಲು ಏನು ಮಾಡಬೇಕೆಂದು ಕೇಳಿದೆ. ಒಂದು ಸಿಗಡಿ ತುಂಡು ಹಾಕಿ ಕೊಳೆಯಲು ಬಿಡಿ ಎಂದವರು ನನ್ನ ಹಣೆಯ ವಿಭೂತಿ ನೋಡಿ ನಕ್ಕರು. 'ಬ್ಯಾಡ ಬಿಡ್ರಿ, ನಿಮ್ಮ ಅವ್ವಾರು ನಿಮ್ಮನ್ನ ಹೊರಗ ಹಾಕ್ತಾರ. ಮೀನಿನ ಊಟಾನ ದಿನಾ ಒಂದ ಚಿಟಿಕಿ ಹಾಕ್ರಿ, ಅದೂ ಕೊಳೀತೈತಿ. ಒಂದ ಮಾತ. ಸ್ಪಂಜ ಮಾತ್ರ ನಳದ ನೀರಾಗ ತೊಳೀಬ್ಯಾಡ್ರಿ. ತೊಳದ್ರಿ ಅಂದ್ರ ಮತ್ತ ಮದಲಿಂದ ಶುರು.'

ಮನೆ ಮುಟ್ಟಿದ ಕೂಡಲೇ ಮಗಳಿಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಬೈಕು ನಿಲ್ಲಿಸಿದೆ, ಅವಳು ಬಾಗಿಲಲ್ಲೇ ಇದ್ದಳು, ಬಾಯಿ ಬರಲಿಲ್ಲ. ಅಪ್ಪನಾದವನು ಮಕ್ಕಳಿಗೆ ತಪ್ಪಾಯಿತು ಎಂದದ್ದನ್ನು ನಾನು ನಮ್ಮ ಮನೆಯಲ್ಲಿ ಕೇಳಿದವನಲ್ಲ. ಮೀನು ಬಂದು ಬದುಕಿದರೆ ಅವಳಿಗೇ ತಿಳಿಯುತ್ತದೆ, ಆಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ.

ಮತ್ತೆ ತೊಟ್ಟಿ ತುಂಬಿದೆವು. ಮೀನು ಬರುವ ಮೊದಲು ನೀರು ಹದವಾಗಬೇಕು ಎಂದಷ್ಟೇ ಹೇಳಿ ಊಟದ ಡಬ್ಬಿ ಅವಳ ಮುಂದೆ ಹಿಡಿದೆ. ಅವಳು ನೀರನ್ನು ಮೇಲಿಂದ, ಪಕ್ಕದಿಂದ ಇಣುಕಿ ನೋಡಿದಳು. 'ಒಳಗ ಒಂದೂ ಇಲ್ಲಲ್ಲ? ಹಂಗಾರ ಹಾಕ್ತೇನಿ' ಎಂದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಬರೀ ನೀರಿಗೆ ಒಂದು ಚಿಟಿಕೆ ಊಟ.

ನೀರು ಪರೀಕ್ಷಿಸುವ ಹನಿಗಳ ಬಾಟಲಿಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ನಾವಿಬ್ಬರೂ ತೊಟ್ಟಿಯ ಮುಂದೆ ಚಾಪೆ ಹಾಸಿ ಕೂರುತ್ತಿದ್ದೆವು. ಸಣ್ಣ ನಳಿಗೆಯಲ್ಲಿ ನೀರು ಹಿಡಿದು ಹನಿ ಹಾಕಿ ಐದು ನಿಮಿಷ ಕಾಯಬೇಕು. ಹಳದಿಯಾದರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ. ಇನ್ನೊಂದು ನಳಿಗೆ ತಿಳಿ ನೀಲಿ ಆದರೆ ಸರಿ, ನೇರಳೆ ಆದರೆ ನೈಟ್ರೈಟ್ ಎಂಬ ಎರಡನೆಯ ವಿಷ. ಮೊದಲೆರಡು ವಾರ ಹಸಿರು ಗಾಢವಾಗುತ್ತ ಹೋಯಿತು, ನೀರು ಮಬ್ಬಾಗಿ ವಾಸನೆ ಬಂತು. ಮೂರನೆಯ ವಾರ ಹಸಿರು ಇಳಿಯಿತು, ನೇರಳೆ ಏರಿತು. ಅದು ಇಳಿಯಲೇ ಒಲ್ಲದು. ದಿನಾ ನೇರಳೆ. ಆ ನಳಿಗೆಯನ್ನು ತೆಗೆದು ಬೀದಿಗೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಮಗಳು ಮಾತ್ರ ಗಡಿಯಾರ ನೋಡುತ್ತ, 'ತಡಿಯಪ್ಪ, ಇನ್ನ ಎರಡ ನಿಮಿಷ ಐತಿ' ಎನ್ನುತ್ತಿದ್ದಳು.

'ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸಿದ್ರಂತ, ಹಂಗ ಆತು ನಿಮ್ಮ ಬಾಳ್ವೆ' ಎಂದು ಅವ್ವ ನಗಾಡುತ್ತಿದ್ದಳು. ಸ್ಪಂಜು ತೊಳೆಯಬಾರದೆಂದು ನಾನು ಹೆಂಡತಿಗೂ ಮಗಳಿಗೂ ಹೇಳಿದ್ದೆ. ತೊಟ್ಟಿಯ ಹತ್ತಿರ ಸುಳಿಯದ ಅವ್ವನಿಗೆ ಹೇಳಬೇಕೆಂದು ಹೊಳೆಯಲಿಲ್ಲ.

ಆರನೆಯ ವಾರ ಒಂದು ಸಂಜೆ ಒಂದು ನಳಿಗೆ ಹಳದಿಯಾಗಿಯೂ ಇನ್ನೊಂದು ತಿಳಿ ನೀಲಿಯಾಗಿಯೂ ನಿಂತವು. ಮರುದಿನವೂ ಹಾಗೆಯೇ. ಮಗಳು ಎದ್ದು ಕುಣಿದಳು. ಭಾನುವಾರ ಸವಣೂರಿಗೆ ಹೋಗಿ ಸಾಹೇಬರು ಆರಿಸಿ ಕೊಡುವ ಮೀನು ತರುವುದೆಂದು ಮಾತಾಯಿತು. 'ಅವಕ್ಕ ಊಟ ಯಾರ ಹಾಕೂದು?' ಎಂದು ಕೇಳಿದೆ. ಅವಳು ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ, 'ಒಂದ ಕಾಳು ಹಾಕಿ ನೋಡ್ತೇನಿ' ಎಂದಳು. ಅವತ್ತು ನನಗೆ ಬಹಳ ಖುಷಿಯಾಯಿತು.

ಮಹಾನವಮಿ ಮುಂದೆ ಬಂದಿತ್ತು. ನಮ್ಮ ಕಡೆ ಘಟ್ಟ ಹಾಕುವ, ಅಂದರೆ ದೇವಿಯ ಘಟ ಕೂರಿಸುವ ಮೊದಲು ಮನೆಯಲ್ಲಿ ಇರುವುದನ್ನೆಲ್ಲ ಒಗೆದು ತೊಳೆಯುವ ಪದ್ಧತಿ. ಕೌದಿ, ಚಾದರ, ಪರದೆ, ಡಬ್ಬಿ, ತಾಟು, ದೇವರ ಜಗಲಿ, ಯಾವುದೂ ಹಾಗೆ ಉಳಿಯಕೂಡದು. ಶುಕ್ರವಾರ ಸಂಜೆ ಮನೆಗೆ ಬಂದೆ. ಅಂಗಳದ ತುಂಬ ಹಗ್ಗ ಕಟ್ಟಿ ಕೌದಿ ಹರವಿದ್ದರು. ಎರಡು ಕೌದಿಗಳ ನಡುವೆ ಕ್ಲಿಪ್ಪು ಹಾಕಿ ಸಿಗಿಸಿದ್ದ ನಮ್ಮ ಫಿಲ್ಟರಿನ ಸ್ಪಂಜು ನೇತಾಡುತ್ತಿತ್ತು. ಸೋಪಿನ ಪುಡಿಯ ವಾಸನೆ. ಒಳಗೆ ಓಡಿ ನೋಡಿದರೆ ತೊಟ್ಟಿ ಫಳಫಳ, ಹರಳು ತೊಳೆದ ಅಕ್ಕಿಯ ಹಾಗೆ ಬೆಳ್ಳಗೆ, ನೀರು ಹೊಸದು.

'ಯಾರ ತೊಳದಿದ್ದು ಇದನ್ನ?' ಎಂದು ಕಿರುಚಿದೆ.

ಬಕೆಟ್ಟು ಹಿಡಿದು ಬಂದ ಅವ್ವ ಬಾಯಿ ತೆರೆಯುವುದರೊಳಗೆ ಮಗಳು ನಡುವೆ ಬಂದು ನಿಂತಳು. ಆಗಷ್ಟೇ ಶಾಲೆಯಿಂದ ಬಂದಿದ್ದಳು. ಬೆನ್ನ ಮೇಲೆ ಚೀಲ, ಕಾಲಲ್ಲಿ ಬೂಟು.

'ನಾ ತೊಳದೇನಪ್ಪ.'

'ಏ ಹುಚ್ಚಿ, ಸುಳ್ಳ ಯಾಕ ಹೇಳ್ತಿ?' ಎಂದಳು ಅವ್ವ. 'ನಾ ತೊಳದೇನೋ ಮಾರಾಯ. ಹಬ್ಬಕ್ಕ ಮನಿ ಎಲ್ಲ ತೊಳದು ಅದೊಂದ ಹೊಲಸ ಬಿಡ್ಲೇನು? ಕೈ ಹಚ್ಚಿದ್ರ ಲೋಳಿ ಲೋಳಿ!'

ಮಗಳು ಅಜ್ಜಿಯ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತ, 'ಅಜ್ಜಿಗೆ ಬೈಬ್ಯಾಡ. ಮದಲಿನ್ವು ಹೆಂಗೂ ನಾನ ಕೊಂದಿದ್ದೆ. ಇದೂ ನನ್ನ ಮ್ಯಾಲ ಇರ್ಲಿ' ಎಂದಳು.

ಸಿಟ್ಟು ಎತ್ತ ಹೋಯಿತೋ ಗೊತ್ತಿಲ್ಲ. ತೊಟ್ಟಿಯ ಮುಂದೆ ನೆಲದ ಮೇಲೆ ಕೂತೆ. ನನ್ನ ಬಾಯಿಗೆ ಅವ್ವ ಸಿಗಬಾರದೆಂದು ಅಷ್ಟು ಸಣ್ಣ ಹುಡುಗಿ ತಾನು ಅಡ್ಡ ಬಂದಿದ್ದಳು.

'ಮದಲಿನ್ವೂ ನೀ ಕೊಂದಿಲ್ಲವಾ' ಎಂದೆ. 'ನಾ ಕೊಂದಿದ್ದು. ಹಿಂಗ ತಿಂಗಳಗಟ್ಲೆ ಕಾಯಬೇಕಿತ್ತು, ಅವತ್ತ ತಂದು ಅವತ್ತ ಬಿಟ್ಟೆ. ನಿನ್ನ ಊಟಕ್ಕ ಸತ್ತಿಲ್ಲ ಅವು. ತಪ್ಪ ನಂದು.'

ಅವಳು ಬೆನ್ನ ಮೇಲಿನ ಚೀಲ ಇಳಿಸಿ ಕೆಳಗಿಟ್ಟಳು. ಆಮೇಲೆ, 'ನಿನಗ ಇದು ಯಾವಾಗ ಗೊತ್ತಾತು?' ಎಂದು ಕೇಳಿದಳು.

'ಸವಣೂರಿಗೆ ಹೋದಾಗ. ಸಾಹೇಬ್ರು ಹೇಳಿದ್ರು.'

'ತೊಟ್ಟಿ ತುಂಬೂಕಿಂತ ಮದಲ?'

'ಹೂಂ.'

'ನಾ ದಿನಾ ನಿನ್ನ ಬಾಜೂಕ ಕುಂತಿದ್ನೆಲ್ಲಪ್ಪ' ಎಂದಳು. 'ಒಂದ ದಿನಾನೂ ಹೇಳಬೇಕ ಅನಿಸಲಿಲ್ಲೇನು?'